ಶೂ ಡಬ್ಬ

ಲಾಂಡ್ರಿಯ ಕೊನೆಯ ಡ್ರೈಯರ್ ಮೇಲೆ
ಒಂದು ಶೂ ಡಬ್ಬ. ಮುಚ್ಚಳದಲ್ಲಿ
ಡೆಲ್ಫಾ ಸ್ಟಿಲ್ಟ್‌ನರ್‌ಳ ಸೊಟ್ಟ ಅಕ್ಷರ:
ತಗೊಳ್ಳಿ. ಕೇಳಬೇಡಿ. ನಾನೂ ಕೇಳೋಲ್ಲ.

ಒಳಗೆ ಮೂಗಿಗೆ ಹೊಡೆಯುವ ಮದ್ದು,
ಒಂದೊಂದೂ ಹೆಬ್ಬೆರಳಷ್ಟು.
ಸೋಮವಾರ ಹನ್ನೆರಡು ಇಟ್ಟಿದ್ದಳು;
ಗುರುವಾರ ಮೂರು ಉಳಿದಿವೆ,
ಜೊತೆಗೆ ಯಾರದೋ ಒಂಟಿ ಕಾಲುಚೀಲ.

ಕಲ್ಲಿದ್ದಲು ಮುಗಿದ ಕೆಂಟಕಿಯ ಈ ಕಣಿವೆಯಲ್ಲಿ
ಬೆನ್ನುನೋವಿಗೆಂದು ಬರೆದುಕೊಟ್ಟ ಮಾತ್ರೆ
ಮನೆಮನೆಯ ಬೆನ್ನು ಮುರಿದಿದೆ.

ಮೊನ್ನೆ ಪಾರ್ಕಿಂಗಿನಲ್ಲಿ, ತುಟಿ ನೀಲಿಯಾದ ಹುಡುಗ.
ಪಿಜ್ಜಾ ಹಂಚುವ ಓಡೆಲ್
ಪೊಟ್ಟಣ ನೆಲಕ್ಕಿಟ್ಟು ಓಡಿದ.
ಒಂದು ಹೊಡೆದ. ನೂರೈವತ್ತು ಎಣಿಸಿದ. ಇನ್ನೊಂದು.
ಹುಡುಗ ಉಸಿರೆಳೆದ, ಬೈದ:
"ಯಾವನೋ ಅವನು ಎಬ್ಬಿಸಿದ್ದು?"

ಆ ಬೈಗುಳ ಕೇಳಿ ಡೆಲ್ಫಾ
ಬಿಸಿ ಟವೆಲ್ಲಿನಲ್ಲಿ ಮುಖವಿಟ್ಟು ಅತ್ತಳು.
ಅವಳ ಮಗ ಬೈದಿರಲಿಲ್ಲ.