ಮೊದಲು, ಆಮೇಲೆ

ಮೊಕಟ್ಟಮ್ ಗುಡ್ಡದ ಬುಡದಲ್ಲಿ ನಮ್ಮ ಶಾಲೆ.
ಕೈರೋ ಉಂಡು ಬಿಸಾಡಿದ್ದೆಲ್ಲ
ಇಲ್ಲಿಗೇ ಬರುತ್ತದೆ, ಮೂಟೆ ಮೂಟೆ.

ಬೋರ್ಡಿನ ಮೇಲೆ ಬರೆದೆ:
ಮೊದಲು ಹರಿ. ಆಮೇಲೆ ನೆನೆಸು. ರುಬ್ಬು.
ಜಾಲರಿಯಲ್ಲಿ ಎತ್ತು. ಒಣಹಾಕು.
'ಇದನ್ನೇ ನಿಮ್ಮ ನಿಮ್ಮ ಮಾತಲ್ಲಿ ಬರೀರಿ' ಅಂದೆ.

ಡೆಮಿಯಾನಾ ಐದೇ ಸಾಲು ಬರೆದಳು,
ಐದಕ್ಕೂ ದುಂಡನೆಯ ಚುಕ್ಕೆ.
ಬಿಶೋಯ್ ಪೆನ್ಸಿಲ್ ಕಚ್ಚುತ್ತ ಕೂತೇ ಇದ್ದ.
ಗಂಟೆ ಹೊಡೆಯುವ ಹೊತ್ತಿಗೆ ಕೊಟ್ಟ:

'ಮೊದಲು ಅಪ್ಪ ಮೂರು ಗಂಟೆಗೆ ಏಳುತ್ತಾನೆ.
ಆಮೇಲೆ ಕತ್ತೆ. ಅದಕ್ಕೆ ಏಳಲು ಮನಸ್ಸಿಲ್ಲ.
ಆಮೇಲೆ ಎಂಟು ಮಹಡಿ. ನಾವು ಲಿಫ್ಟ್ ಹತ್ತಬಾರದು.
ಆಮೇಲೆ ಅಮ್ಮ ಕಾಗದ ಬೇರೆ ಗಾಜು ಬೇರೆ ಮಾಡುತ್ತ
ಬೆರಳು ಕುಯ್ದುಕೊಳ್ಳುತ್ತಾಳೆ.
ಆಮೇಲೆ ನೆನೆಸುವುದು.'

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.
ಎದ್ದು ಹೋಗಿ
ಬೋರ್ಡಿನ ಮೇಲಿದ್ದ 'ಮೊದಲು' ಒರೆಸಿದೆ.

ಅಂಗಳದ ಹಗ್ಗದಲ್ಲಿ ಹಾಳೆಗಳು ಒಣಗಿದ್ದವು,
ಒರಟು, ಬೂದು, ಅಂಚು ಹಪ್ಪಳದಂತೆ ಸೊಟ್ಟ.
ತನ್ನದನ್ನು ಬಿಸಿಲಿಗೆ ಹಿಡಿದ ಬಿಶೋಯ್.
ಯಾರದೋ ಮದುವೆ ಕರೆಯೋಲೆಯ ಜರತಾರಿ ಚೂರೊಂದು
ಎಷ್ಟು ರುಬ್ಬಿದರೂ ಕರಗದೆ
ಮೂಲೆಯಲ್ಲಿ ಮಿಣುಕುತ್ತಿತ್ತು.

'ಟೀಚರ್,
ಇದನ್ನ ಎಷ್ಟನೇ ಸಾಲಲ್ಲಿ ಬರೀಲಿ?'