ಮೂವತ್ತೆಂಟು ಚೀಟಿ

ಬಾಗಲಕೋಟೆಯಿಂದ ಬೆಳಗಿನ ಏಳೂಕಾಲರ ಬಸ್ಸು.
ತೊಡೆಯ ಮೇಲೆ ಪಾಠಯೋಜನೆಯ ಪುಸ್ತಕ,
ಅದರೊಳಗೆ ಸ್ಕೇಲಿಟ್ಟು ಎಳೆದ ಐದು ಕಲಮು.
ಬಿ.ಎಡ್.ನಲ್ಲಿ ಎಲ್ಲಕ್ಕೂ ಒಂದು ಕಲಮು ಇರುತ್ತದೆ.
ಗುಳೇದಗುಡ್ಡದಲ್ಲಿ ಇಳಿದರೆ
ಓಣಿಯ ಎರಡೂ ಬದಿ ಮಗ್ಗದ ಸಪ್ಪಳ.
ನಲವತ್ತು ದಿನ ನಾನಿಲ್ಲಿ
ಆರನೇ ಇಯತ್ತೆಯ ಅಕ್ಕೋರು.

ಮೊದಲ ವಾರ ಬರೀ ನೋಡು ಎಂದಿದ್ದರು. ನೋಡಿದೆ.
ಪ್ರಾರ್ಥನೆ ಹೇಳಿಸುವವಳು ಸೃಷ್ಟಿ, ದಿನವೂ ಸೃಷ್ಟಿ.
ಗುರುಗಳ ಚಹಾ ತರುವವನು ಕಳಕಪ್ಪ.
ಕಸಬರಿಗೆ ಗದ್ದೆವ್ವಳದು.
ಯಾರೂ ಹೇಳುವುದಿಲ್ಲ. ಗಂಟೆಗೆ ಮೊದಲೇ
ಬಾಗಿಲ ಸಂದಿಯಿಂದ ಅದನ್ನೆಳೆದು
ಬಗ್ಗಿರುತ್ತಾಳೆ.
"ಆಕೀಗೆ ಚಂದ ಬರತೈತ್ರಿ" ಅಂದರು ಹಿರಿಯ ಗುರುಗಳು,
ಕೆಟ್ಟವರಲ್ಲ, ಸ್ವಂತ ದುಡ್ಡಿನಲ್ಲಿ ನೋಟುಬುಕ್ಕು ಕೊಡಿಸುವವರು.
"ಅವ್ವ ಪುರಸಭೆಯಾಗ ಅದಽ ಕೆಲಸ ನೋಡ್ರಿ."

ನನಗೆ ಇನ್ನೊಂದು ಶಾಲೆ ನೆನಪಾಯಿತು.
"ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ರಿ."
ನಾಲ್ಕು ಜನ ನಿಲ್ಲುತ್ತಿದ್ದೆವು, ಕೂತವರು ಎಣಿಸುತ್ತಿದ್ದರು.
ಹಣ ಬಂದದ್ದು ಎರಡು ಸಲ,
ನಿಂತದ್ದು ಪ್ರತಿ ಜೂನು.
ಇದನ್ನು ಬರೆಯಲು ಕಲಮಿಲ್ಲ.

ಎರಡನೇ ವಾರ ಖಡುವಿನ ಡಬ್ಬಿ ಖಾಲಿ ಮಾಡಿ
ಮೂವತ್ತೆಂಟು ಹೆಸರು ಬರೆದು ಮಡಚಿ ಹಾಕಿದೆ.
ಇನ್ನು ಡಬ್ಬಿ ಹೇಳಿದವರು ಕಸ ಗುಡಿಸುವುದು.
ಡಬ್ಬಿಗೆ ಯಾರ ಓಣಿಯೂ ಗೊತ್ತಿಲ್ಲ, ಅಂದೆ.
ಮಾತು ಚೆನ್ನಾಗಿ ಬಂತು. ಒಳಗೊಳಗೇ ಬೀಗಿದೆ.

ಮೊದಲು ಬಂದವನು ಎಣ್ಣೆ ಅಂಗಡಿಯ ಸಮರ್ಥ.
ಕಸಬರಿಗೆಯನ್ನು ಬ್ಯಾಟಿನಂತೆ ಹಿಡಿದು
ಧೂಳನ್ನು ಈ ಮೂಲೆಯಿಂದ ಆ ಮೂಲೆಗೆ ಕಳಿಸಿದ.
ತರಗತಿ ಚಪ್ಪಾಳೆ ಹೊಡೆಯಿತು.
ನಾನೂ ಹೊಡೆದೆ.
ಕೈ ಇಳಿಸುವಾಗ ಹೊಳೆಯಿತು,
ಮೂರು ವರ್ಷ ಗುಡಿಸಿದವಳಿಗೆ ಒಂದೂ ಬಿದ್ದಿಲ್ಲ.
ಅವಳೂ ಹೊಡೆಯುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.
ಆಮೇಲೆ ಸದ್ದಿಲ್ಲದೆ ಮತ್ತೆ ಗುಡಿಸಿದಳು.
ನಾನು ಕರಿಹಲಗೆ ಒರೆಸುತ್ತಿದ್ದೆ, ನೋಡದವಳ ಹಾಗೆ.

ಎರಡನೇ ದಿನ ದಾವಲಬಿ.
ಮೂರನೇ ದಿನ ಡಬ್ಬಿ ಅಲ್ಲಾಡಿಸಿ, ಕಣ್ಣು ಮುಚ್ಚಿ,
ಚೀಟಿ ಬಿಚ್ಚಿ
ಓದಲಿಲ್ಲ.
"ಯಾರ್ರೀ ಅಕ್ಕೋರ?"
ಮುಂದಿನ ಸಾಲಿನ ಹುಡುಗ ಇಣುಕಿ ಕೂಗಿದ.
ನಗು.
"ಡಬ್ಬೀಗೂ ಗೊತ್ತೈತಿ ನೋಡ್ರಲೇ!"

ಮೂವತ್ತೆಂಟರಲ್ಲಿ ಒಂದು. ಅವಳಿಗೂ ಅಷ್ಟೇ ಪಾಲು.
ಲೆಕ್ಕ ಸರಿಯಿದೆ,
ಮಧ್ಯಾಹ್ನ ಗಣಿತದವರೂ ಸರಿಯಿದೆ ಅಂದರು.
ಇನ್ನೊಮ್ಮೆ ಎತ್ತಿದರೆ ಮೋಸ.
ಎತ್ತದಿದ್ದರೆ
ಅದಕ್ಕೇನೆನ್ನಬೇಕೋ ನಾನಿನ್ನೂ ಓದಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಎದ್ದಿದ್ದಳು ಗದ್ದೆವ್ವ.
ಎಂದಿನಂತೆ ಬೆಂಚಿನ ಕಾಲಿನ ಹಿಂದೆ, ಕಪಾಟಿನ ಅಡಿ,
ನನ್ನ ಚಪ್ಪಲಿಯ ಸುತ್ತ.
ಕಾಲು ಎತ್ತಿದೆ.
ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಸಂಜೆ ಬಸ್ ನಿಲ್ದಾಣದ ತನಕ ಬೆನ್ನು ಹತ್ತಿ ಬಂದಳು.
ಲಂಗದ ಅಂಚು ಹಿಂಡುತ್ತಾ ನಿಂತಳು.
"ಅಕ್ಕೋರ, ಒಂದ್ ಮಾತ್ರಿ.
ಕಸಕ್ಕಷ್ಟಽ ಯಾಕ್ರೀ ಚೀಟಿ?
ಪ್ರಾರ್ಥನಾಕೂ ಹಾಕ್ರೆಲ್ಲ."
ಉತ್ತರಕ್ಕೆ ಕಾಯಲಿಲ್ಲ,
ನೀರಿನ ಸರತಿ ಇತ್ತಂತೆ, ಓಡಿದಳು.

ಬಸ್ಸಿನಲ್ಲಿ ಪಾಠಯೋಜನೆಯ ಕೊನೆಯ ಹಾಳೆ ಹರಿದೆ.
ಐದೂ ಕಲಮು ತುಂಡಾದವು.
ಶಿರೂರು ದಾಟುವಾಗ ಹನ್ನೊಂದು ಹೆಸರು,
ನವನಗರದ ದೀಪ ಕಾಣುವಾಗ ಮೂವತ್ತೊಂಬತ್ತು.
ಗದ್ದೆವ್ವ ಎಂದು ಎರಡು ಬರೆದಿದ್ದೇನೆ,
ಗೊತ್ತಿದ್ದೇ.
ಒಂದನ್ನು ಕಿಟಕಿಯಿಂದಾಚೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.
ಕಿಟಕಿ ತೆರೆದೇ ಇದೆ,
ಗಾಳಿಯೂ ಇದೆ.
ಮುಷ್ಟಿ ಇನ್ನೂ ಬಿಚ್ಚಿಲ್ಲ.