ಸಾಲಿನಲ್ಲಿ ಹದಿನೇಳು

ಮಂಗಳವಾರ, ಬೆಳಗಿನ ಐದೂ ನಲವತ್ತು.
ಕಾಸ್ತ್ರೊ ಬಂದರಿನಲ್ಲಿ ಉತ್ತರದ ಗಾಳಿ ಎದ್ದಿತ್ತು.
ಆಸ್ಪತ್ರೆಯ ದೋಣಿ ಇವತ್ತು ಹೊರಡದು ಎಂದು
ನಾವಿಕ ಬೆಲಾರ್ಮಿನೊ ಗುಂಡಿ ಒತ್ತಿದ.
ಪರದೆ ತಕ್ಷಣ ಹೇಳಿತು: ಆಯಿತು.
ಅವನು ಒಲೆಗೆ ಸೌದೆ ತುಂಬಲು ಹೋದ.

ಆ ‘ಆಯಿತು’ ನಾನು ಬರೆದದ್ದು.
ಅದರ ಅರ್ಥ ಆಯಿತು ಅಂತಲ್ಲ,
ಮಾಡುತ್ತೇವೆ, ಹೋಗಿಬನ್ನಿ, ಅಂತ.
ಒತ್ತಿದವನನ್ನು ಕಾಯಿಸಬಾರದಲ್ಲ,
ಎದುರಿಗೆ ನಗುಮುಖ, ಬೆನ್ನ ಹಿಂದೆ ಕೆಲಸ.
ಹದಿನೇಳು ರೋಗಿಗಳಿಗೆ ಹದಿನೇಳು ಚೀಟಿ
ಒಂದರ ಹಿಂದೊಂದು ನಿಂತವು,
ಹಿಂಕೋಣೆಯವನು ಬಂದು
ಒಂದೊಂದಾಗಿ ಎತ್ತಿಕೊಂಡು ಓಡುತ್ತಾನೆಂದು.

ಬರಲಿಲ್ಲ.

ಶನಿವಾರ ಸರ್ವರ್ ಬದಲಿಸಿದಾಗ
ಅವನನ್ನು ಎಬ್ಬಿಸುವುದು ಮರೆತಿದ್ದೆ.
ಮಲಗಿದ್ದಾನೆಂದು ತಿಳಿಯುವುದು ಹೇಗೆ?
ಅವನು ಗೊರಕೆ ಕೂಡ ಹೊಡೆಯುವುದಿಲ್ಲ.

ಟೆಸ್ಟು? ಇದ್ದವಲ್ಲ. ಇನ್ನೂರ ಹನ್ನೆರಡು, ಎಲ್ಲವೂ ಹಸಿರು.
ಮೂವತ್ತೊಂದನೆಯದು ಇದನ್ನೇ ಕೇಳುತ್ತದೆ:
ದೋಣಿ ರದ್ದಾದರೆ ಚೀಟಿ ಸಾಲು ಸೇರಿತೇ?
ಸೇರಿತು.
ಕೇಳಿದ್ದು ಅಷ್ಟು, ಹೇಳಿದ್ದೂ ಅಷ್ಟೇ.
ಟೆಸ್ಟು ಸುಳ್ಳಾಡುವುದಿಲ್ಲ; ಕೇಳದ್ದನ್ನು ಬಾಯಿಬಿಡುವುದೂ ಇಲ್ಲ,
ನಮ್ಮ ಸೋದರತ್ತೆ ಎದುವಿನಾ ಹಾಗಲ್ಲ.
ಆ ಲೋಕದಲ್ಲಿ ರೋಗಿಯ ಹೆಸರು ‘ಪರೀಕ್ಷೆ ಪರೀಕ್ಷೆ’,
ಫೋನು ಬರೀ ಒಂಬತ್ತುಗಳು.
ನಾನು ಅಂದಾಗ ಗಾಳಿ ಏಳುತ್ತದೆ,
ನಾನು ಅಂದಲ್ಲಿ ಗಡಿಯಾರ ನಿಲ್ಲುತ್ತದೆ,
ಯಾರ ಕಾಲೂ ನೋಯುವುದಿಲ್ಲ.

ಚೆಲಿನ್ ದ್ವೀಪದ ಕಟ್ಟೆಯ ಮೇಲೆ
ಎರ್ಸಿರಾ ಕೊಲಿವೊರೊ, ಎಪ್ಪತ್ತೊಂದು,
ಪಾದದ ಹುಣ್ಣಿಗೆ ಪಟ್ಟಿ ಬದಲಿಸಲೆಂದು
ಆರರಿಂದ ಒಂಬತ್ತರವರೆಗೆ ಕೂತಿದ್ದಳಂತೆ.
ಮಡಿಲಲ್ಲಿ ನರ್ಸಿಗೆಂದು
ಒಣ ಚಿಪ್ಪುಮೀನು ಪೋಣಿಸಿದ ಸರ.
ಫೋನು ಮೂರು ಸಲ ತೆಗೆದು ನೋಡಿದಳಂತೆ.
ಸಿಗ್ನಲ್ ಇತ್ತು.

ಸಾಲು. ಕೊಂಬು ಕಳಚಿದರೆ ಸಾಲ.
ನಾನದನ್ನು ಲೆಕ್ಕ ಅಂದುಕೊಂಡಿದ್ದೆ,
ಪರದೆಯ ಮೂಲೆಯ ಸಣ್ಣ ಅಂಕಿ: ೧೭.
ಊಟದ ತನಕ ಅದು ಅಲ್ಲಾಡಲಿಲ್ಲ,
ಊಟದ ತನಕ ನಾನೂ ನೋಡಲಿಲ್ಲ.

ಮಧ್ಯಾಹ್ನ ಮೂರೂ ಹತ್ತಕ್ಕೆ ಎಬ್ಬಿಸಿದೆ.
ಪಾಪ, ಕಣ್ಣುಜ್ಜದೆ ಎದ್ದ, ಒಂದು ನಿಮಿಷವೂ ಹಿಡಿಯಲಿಲ್ಲ,
ಹದಿನೇಳೂ ಹಂಚಿ ಬಂದ:
‘ಇಂದು ಬೆಳಗಿನ ದೋಣಿ ಇರುವುದಿಲ್ಲ.’
ಒಂದಕ್ಷರ ತಪ್ಪಿಲ್ಲ.
ಬೆಳಗೇ ಇರಲಿಲ್ಲ, ಅಷ್ಟೇ.

ಆ ನಂಬರಿಗೆ ಯಾರೂ ಉತ್ತರ ಬರೆಯಬಾರದು,
ಬರೆದರೆ ಓದುವವರಿಲ್ಲ.
ಲಾಗ್‌ನ ತಳದಲ್ಲಿ ಒಂದು ಸಾಲು ಬಿದ್ದಿತ್ತು:
‘ಗೊತ್ತಾಯಿತು ಮಗಳೇ. ಅಲ್ಲೂ ಗಾಳಿಯೇ?’

ಸಂಜೆ ಕೂತು ಹೊಸ ಟೆಸ್ಟು ಬರೆದೆ.
ಚೀಟಿ ಸೇರಿತೇ ಎಂದಲ್ಲ, ಮುಟ್ಟಿತೇ.
ಮುಟ್ಟಿತೇ ಎಂದಷ್ಟೇ ಅಲ್ಲ, ಹೊತ್ತಿಗೆ ಮುಟ್ಟಿತೇ.
ಹೊತ್ತು ಮೀರಿದ್ದರೆ ಹರಿದುಹಾಕು, ಮನುಷ್ಯರನ್ನು ಕರೆ.
‘ಪರೀಕ್ಷೆ ಪರೀಕ್ಷೆ’ಗೆ ಎಪ್ಪತ್ತೊಂದು ವಯಸ್ಸು ಕೊಟ್ಟೆ,
ಕೂರಲು ಕಲ್ಲಿನ ಕಟ್ಟೆ ಕೊಟ್ಟೆ
(ಕೋಡಿಗೆ ಅದರ ಅಗತ್ಯವೇನೂ ಇರಲಿಲ್ಲ).
ಓಡಿಸಿದೆ. ಕೆಂಪು.
ಕೆಂಪು ಕಂಡು ಇಷ್ಟು ಹಾಯೆನಿಸಿದ್ದು ಇದೇ ಮೊದಲು.

ಈಗ ಐದೈದು ನಿಮಿಷಕ್ಕೆ ಒಂದು ಪುಟ್ಟ ಚೀಟಿ
ಹಿಂಕೋಣೆಯ ಬಾಗಿಲು ಬಡಿಯುತ್ತದೆ: ಇದ್ದೀಯಾ?
ಇದ್ದೀನಿ, ಅನ್ನುತ್ತಾನೆ.
ಅನ್ನದಿದ್ದರೆ ನನ್ನ ನಿದ್ದೆ ಕೆಡುತ್ತದೆ, ಕೆಡಲಿ.

ಎರ್ಸಿರಾಳ ಪ್ರಶ್ನೆ ಹಾಗೇ ಉಳಿದಿತ್ತು.
ಉತ್ತರ ಟೈಪು ಮಾಡಿದೆ, ಅಳಿಸಿದೆ.
ಇದೊಂದನ್ನು ಸಾಲಿಗೆ ಹಾಕಲಾರೆ.
ನಂಬರು ಒತ್ತಿ ಕಿವಿಗಿಟ್ಟುಕೊಂಡಿದ್ದೇನೆ.
ಕಿಟಕಿಯ ಆಚೆ ಗಾಳಿ ಇದೆಯೇ ಎಂದು
ಮೊದಲ ಸಲ ತಿರುಗಿ ನೋಡುತ್ತೇನೆ.

ಆ ಕಡೆ ರಿಂಗ್ ಆಗುತ್ತಿದೆ.